ದಂಡ ಹೊಡೆಯುವವರಿಗೆ ಅರ್ಧಬಲದ ಅಳತೆ

ಉತ್ಸಾಹದಿಂದ ದಂಡ ಹೊಡೆಯತೊಡಗಿದ ಶರಣಬಂಧುಗಳು ಮೂರನೆಯ ದಿನ ತೋಳೆತ್ತಲಾರದೆ ಬಿಟ್ಟುಬಿಡುವುದುಂಟು. ವ್ಯಾಯಾಮವನ್ನು ಅರ್ಧಬಲಕ್ಕೆ ನಿಲ್ಲಿಸಬೇಕೆಂಬುದು ಆಯುರ್ವೇದದ ಮತ. ಹಣೆ, ಮೂಗು, ಕಂಕುಳಲ್ಲಿ ಬೆವರೊಡೆದು, ಬಾಯೊಣಗಿ, ಬಾಯಿಂದ ಉಸಿರಾಡುವಂತಾದರೆ ಅದೇ ಮಿತಿ. 20 ಹೊಡೆಯಬಲ್ಲವರು 10ಕ್ಕೆ ನಿಲ್ಲಲಿ. ಮೊದಲು ಗೋಡೆಗೆ ಕೈಯೂರಿ, ಅನಂತರ ಕಟ್ಟೆಗೆ, ಕೊನೆಗೆ ನೆಲಕ್ಕೆ. ದಿನ ಬಿಟ್ಟು ದಿನ, ವಾರಕ್ಕೆ ಎರಡರಂತೆ ಏರಿಸಿದರೆ ಸಾಕು. ಗರಡಿಯ ಪೈಲ್ವಾನರೊಡನೆ ಪೈಪೋಟಿ ಬೇಡ.

ಹೊಸ ಶ್ರಮದ ಮೈಕೈನೋವು 24ರಿಂದ 72 ಗಂಟೆಗಳೊಳಗೆ ಬಲಿತು, ಬಳಿಕ ತಾನೇ ಇಳಿಯುತ್ತದೆ. ಉಗುರುಬೆಚ್ಚಗಿನ ಎಳ್ಳೆಣ್ಣೆಯ ಅಭ್ಯಂಗ, ಬಿಸಿನೀರಿನ ಸ್ನಾನ, ಲಘು ನಡಿಗೆ ಹಿತಕರ. ಆದರೆ ಮೂತ್ರವು ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ, ಇಲ್ಲವೆ ತೋಳು ಊದಿ ಮಡಚಲಾಗದಿದ್ದರೆ, ಎಣ್ಣೆ-ಕಷಾಯಗಳಲ್ಲಿ ಕಾಲ ಕಳೆಯದೆ ಅಂದೇ ಆಸ್ಪತ್ರೆಗೆ ಹೋಗಿರಿ. ಒಡೆದ ಸ್ನಾಯುವಿನಿಂದ ರಕ್ತಕ್ಕೆ ಸೇರುವ ದ್ರವ್ಯವು ಮೂತ್ರಪಿಂಡಗಳನ್ನೇ ಕೆಡಿಸಬಲ್ಲುದು.