ಶ್ವಾಸಕೋಶದ ಕ್ಯಾನ್ಸರ್: ಮಾತ್ರೆಯ ಬೆಲೆ, ಬೆಲೆಗೆ ತಕ್ಕ ಫಲ

ಶ್ವಾಸಕೋಶದ ಕ್ಯಾನ್ಸರ್ ಮುಂದುವರಿದ ಹಂತದಲ್ಲಿ ಪತ್ತೆಯಾದಾಗ ಹಲಸೂರು, ಕೆ.ಆರ್. ಪುರದ ಕಡೆಯಿಂದ ಬರುವ ಕುಟುಂಬದವರು ನಮ್ಮನ್ನು ಕೇಳುವುದು ಒಂದೇ: ದುಬಾರಿ ಮಾತ್ರೆಯೇ ಆಗಬೇಕೆ? ನಾವು ಆಯುರ್ವೇದದವರಾದರೂ ಇದಕ್ಕೆ ಲೆಕ್ಕವಿಟ್ಟೇ ಉತ್ತರಿಸಬೇಕು.

ಗೆಡ್ಡೆಯಲ್ಲಿ ಇ.ಜಿ.ಎಫ್.ಆರ್. ಎಂಬ ಜೀನು ತಕ್ಕ ರೀತಿಯಲ್ಲಿ ಮಾರ್ಪಟ್ಟಿದ್ದರೆ ಮಾತ್ರ ಈ ಮಾತ್ರೆಗಳು ಚೆನ್ನಾಗಿ ಫಲಿಸುತ್ತವೆ. ಆದ್ದರಿಂದ ಮೊದಲ ಖರ್ಚು ಪರೀಕ್ಷೆಗೇ ಆಗತಕ್ಕದ್ದು.

ಜೆಫಿಟಿನಿಬ್, ಎರ್ಲೋಟಿನಿಬ್ ಹಳೆಯವು, ಒಸಿಮರ್ಟಿನಿಬ್ ಹೊಸದು. ಫ್ಲಾರಾ ಎಂಬ ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಹಳೆಯವು ರೋಗವನ್ನು ಸುಮಾರು 10.2 ತಿಂಗಳು ತಡೆದರೆ ಹೊಸದು 18.9 ತಿಂಗಳು ತಡೆಯಿತು. ಆದರೆ ಒಟ್ಟು ಆಯುಷ್ಯ ಕ್ರಮವಾಗಿ 31.8 ಹಾಗೂ 38.6 ತಿಂಗಳು. ಅಂತರ ಏಳು ತಿಂಗಳಿಗೂ ತುಸು ಕಡಿಮೆ. ಹೆಚ್ಚುವರಿ ಹಣವನ್ನು ತೂಗಬೇಕಾದುದು ಈ ತಿಂಗಳುಗಳೊಡನೆ. ಮಾತ್ರೆ ಫಲ ಕೊಡುವಷ್ಟು ಕಾಲವೂ ಕೊಳ್ಳುತ್ತಲೇ ಇರಬೇಕೆಂಬುದನ್ನು ಮನೆಯವರು ಮರೆಯುತ್ತಾರೆ. ರೋಗ ಮಿದುಳಿಗೆ ಹರಡಿದ್ದರೆ ಮಾತ್ರ ತಕ್ಕಡಿ ಹೊಸದರ ಕಡೆಗೆ ವಾಲುತ್ತದೆ. ಅದು ಅಲ್ಲಿಗೆ ಚೆನ್ನಾಗಿ ತಲಪುತ್ತದೆ.

ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು 2019ರಲ್ಲಿ ಮತ್ತೊಂದು ದಾರಿ ತೋರಿಸಿದರು. ಜೆಫಿಟಿನಿಬ್ ಒಂದೇ ಕೊಟ್ಟಾಗ ರೋಗ 8 ತಿಂಗಳು ಹತೋಟಿಯಲ್ಲಿತ್ತು. ಕೀಮೋಥೆರಪಿ ಜೊತೆಗೂಡಿಸಿದಾಗ 16 ತಿಂಗಳು. ದೇಹಕ್ಕೆ ಬಾಧೆ ಹೆಚ್ಚು, ನಿಜ.

ಅದೇ ವರ್ಷ ಕೇಂದ್ರ ಸರಕಾರ ಮಾರಾಟದ ಲಾಭಕ್ಕೆ ಮಿತಿ ಹಾಕಿದಾಗ, ಎರ್ಲೋಟಿನಿಬ್‌ನ ಒಂದು ಬ್ರಾಂಡಿನ ಬೆಲೆ 9,999 ರೂಪಾಯಿಯಿಂದ 891ಕ್ಕೆ ಇಳಿಯಿತು. ಒಸಿಮರ್ಟಿನಿಬ್ ಮೇಲಿನ ಆಮದು ಸುಂಕ 2024ರಲ್ಲಿ ರದ್ದಾಯಿತು. ಹಳೆಯ ಬಿಲ್ಲು ನೋಡಿ ನಿರ್ಧರಿಸಬೇಡಿ. ಕಿದ್ವಾಯಿ ಆಸ್ಪತ್ರೆಯಲ್ಲೂ ವಿಚಾರಿಸಿರಿ. ಕಷಾಯ, ಭಸ್ಮ ಸೇವಿಸುತ್ತಿದ್ದರೆ ಕ್ಯಾನ್ಸರ್ ತಜ್ಞರಿಗೆ ತಿಳಿಸಿರಿ. ಈ ಮಾತ್ರೆಗಳೂ ಯಕೃತ್ತಿನಲ್ಲಿಯೇ ಪಚನವಾಗುವಂಥವು.