ಹಳೇ ಫೋನ್ ಎಸೀಬೇಡಿ, ಟೆಸ್ಟಿಂಗಿಗೆ ಇಟ್ಕೊಳ್ಳಿ

ರೈತರೇ ತಮ್ಮ ಹೊಲದ ಬೆಳೆಯನ್ನು ಫೋನಿನಲ್ಲಿ ದಾಖಲಿಸುವ ಬೆಳೆ ಸಮೀಕ್ಷೆ ಆ್ಯಪ್ ಕರ್ನಾಟಕದಲ್ಲಿ 2020ರಲ್ಲೇ ಬಂತು. ಅಂದಮೇಲೆ ನಾವು ಬರೆಯೋ ಆ್ಯಪ್ ಆಫೀಸಿನ ಹೊಸ ಫೋನಲ್ಲಷ್ಟೇ ಓಡಿದ್ರೆ ಸಾಲದು, ಶಿರಹಟ್ಟಿಯ ಹೊಲದಲ್ಲಿ ನಿಂತವರ ಫೋನಲ್ಲೂ ಓಡಬೇಕಲ್ರಿ? ದಿನಾ ಕೈಯಿಂದಲೇ ಒತ್ತಿ ನೋಡೋದು ಆಗದ ಮಾತು. ಅದಕ್ಕೇ ಆಟೊಮೇಷನ್.

ಲ್ಯಾಪ್‌ಟಾಪಿಗೆ ಜೆಡಿಕೆ, ಆಂಡ್ರಾಯ್ಡ್ ಎಸ್‌ಡಿಕೆ, ನೋಡ್ ಜೆಎಸ್ ಹಾಕಿ. ಜಾವಾ ಹೋಮ್, ಆಂಡ್ರಾಯ್ಡ್ ಹೋಮ್ ಪಾತ್ ಕೊಡಿ. ಆಮೇಲೆ ಉಚಿತವಾಗಿ ಸಿಗುವ ಆ್ಯಪಿಯಂ. 2023ರಲ್ಲಿ ಬಂದ 2ನೇ ಆವೃತ್ತಿಯಿಂದ ಡ್ರೈವರ್ ಅದರ ಜೊತೆಗೇ ಬರಲ್ಲ, ಯುಐ ಆಟೊಮೇಟರ್ 2 ಬೇರೆಯಾಗಿ ಹಾಕಬೇಕು.

8 ಜಿಬಿ ಲ್ಯಾಪ್‌ಟಾಪಲ್ಲಿ ಎಮ್ಯುಲೇಟರ್ ತೆವಳುತ್ತೆ, ಮನೇಲಿರೋ ಹಳೇ ಫೋನೇ ವಾಸಿ. ಬಿಲ್ಡ್ ನಂಬರ್ ಮೇಲೆ 7 ಸಲ ಒತ್ತಿದ್ರೆ ಡೆವಲಪರ್ ಆಯ್ಕೆಗಳು ತೆರೆದುಕೊಳ್ಳುತ್ತವೆ. ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿ ಕೇಬಲ್ ಹಾಕಿ. ‘ಎಡಿಬಿ ಡಿವೈಸಸ್’ ಕಮಾಂಡಿಗೆ ‘ಅನ್‌ಆಥರೈಸ್ಡ್’ ಅಂತ ಬಂದ್ರೆ ಫೋನ್ ನೋಡಿ, ಅನುಮತಿ ಕೇಳ್ತಿರುತ್ತೆ.

ಇನ್ನು ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿ ಟೆಸ್ಟ್ ಓಡಿಸಿ. ‘ಸಬ್‌ಮಿಟ್’ ಅನ್ನೋ ಪದ ಹುಡುಕುವ ಸ್ಕ್ರಿಪ್ಟ್ ‘ಸಲ್ಲಿಸಿ’ ಬಟನ್ ಮುಂದೆ ನಿಂತುಬಿಡುತ್ತೆ. ಬಟನ್ನನ್ನು ಪದದಿಂದಲ್ಲ, ಐಡಿಯಿಂದ ಹುಡುಕಿಸಿ. ಸ್ಕ್ರೀನ್‌ಶಾಟನ್ನೂ ತೆಗೆಸಿ, ಉದ್ದದ ಕನ್ನಡ ಪದ ಅರ್ಧಕ್ಕೆ ತುಂಡಾಗಿದೆಯಾ ಅಂತ ಕಣ್ಣಾರೆ ನೋಡಿ. ಐಡಿ ಸಿಕ್ಕರೆ ಟೆಸ್ಟ್ ಪಾಸಾಗುತ್ತೆ. ಆದ್ರೆ ಬಟನ್ ಓದೋಕೆ ಬಾರದಿದ್ರೆ ರೈತರ ಮಾಹಿತಿ ಫೋನಲ್ಲೇ ಉಳಿಯುತ್ತೆ.