ಸೈನ್ಯದ ನರ್ಸು ಯಾವಾಗಲೂ ಯಾರದೋ ಸೋದರತ್ತೆ

ಯುದ್ಧಕ್ಕೆ ಹೋದ ಸಿಪಾಯಿಯ ಕಥೆಯನ್ನು ಮಗ ಹೇಳುತ್ತಾನೆ, ಇಲ್ಲವೇ ಮೊಮ್ಮಗ. ಯುದ್ಧಕ್ಕೆ ಹೋದ ನರ್ಸಿನ ಕಥೆ ಹೇಳಲು ಬಹಳ ಸಲ ಮುಂದೆ ಬರುವವರು ಅಣ್ಣನ ಮಗಳು, ತಂಗಿಯ ಮಗ. ಇದನ್ನು ಮನೆಯವರ ಅಕ್ಕರೆ ಎಂದುಕೊಂಡು ಸುಮ್ಮನಾಗಬಹುದು. ಆದರೆ ಆ ಅಕ್ಕರೆಯ ಬೆನ್ನಿಗೆ ಒಂದು ಸರ್ಕಾರಿ ನಿಯಮ ಕೂತಿದೆ. ಸೈನ್ಯದ ನರ್ಸಾಗುವವಳಿಗೆ ಮದುವೆಯಾಗಿರಬಾರದು. ಮದುವೆಯಾದರೆ ಕೆಲಸ ಬಿಡಬೇಕು. ಹಲವು ದೇಶಗಳು ದಶಕಗಳ ಕಾಲ ಪಾಲಿಸಿದ ಈ ಒಂದು ಸಾಲು ಅವಳ ಬದುಕನ್ನಷ್ಟೇ ಅಲ್ಲ, ಅವಳನ್ನು ಯಾರು ನೆನೆಯಬೇಕೆಂಬುದನ್ನೂ ಗೊತ್ತುಮಾಡಿತು.

ಅಮೆರಿಕದ ಪೆನ್ಸಿಲ್ವೇನಿಯಾದ ಹೆಲೆನ್ ಫೇರ್‌ಚೈಲ್ಡ್ ಅವರನ್ನೇ ನೋಡಿ. 1913ರಲ್ಲಿ ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ಆಸ್ಪತ್ರೆಯಲ್ಲಿ ನರ್ಸಿಂಗ್ ಮುಗಿಸಿದ ಆಕೆ, 1917ರ ಏಪ್ರಿಲ್‌ನಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕಿಳಿದ ಕೂಡಲೇ ತಾನಾಗಿ ಹೆಸರು ಕೊಟ್ಟು, ಮೇ ತಿಂಗಳಲ್ಲಿ 10ನೇ ಬೇಸ್ ಹಾಸ್ಪಿಟಲ್‌ನ 64 ನರ್ಸುಗಳಲ್ಲಿ ಒಬ್ಬರಾಗಿ ಹಡಗು ಹತ್ತಿದರು. ಹೋಗಿ ಸೇರಿದ್ದು ಫ್ರಾನ್ಸಿನ ಕಡಲತೀರದ ಲ ಟ್ರೆಪೋರ್. ಜುಲೈ ಕೊನೆಯ ಹೊತ್ತಿಗೆ ಶಸ್ತ್ರಚಿಕಿತ್ಸೆಯ ತಂಡವೊಂದರ ಜೊತೆ ಬೆಲ್ಜಿಯಂನ ರಣರಂಗದ ಬಳಿಗೆ, ಕ್ಯಾಷುಯಲ್ಟಿ ಕ್ಲಿಯರಿಂಗ್ ಸ್ಟೇಷನ್ನಿಗೆ ಕಳಿಸಿದರು. ಅದು ಡೇರೆಗಳ ಆಸ್ಪತ್ರೆ. ಕೆಳಗೆ ಕೆಸರು, ಮೇಲೆ ಮಳೆ. ಸಾಸಿವೆ ಅನಿಲ ಅದೇ ಜುಲೈನಲ್ಲಿ ಮೊದಲ ಬಾರಿಗೆ ರಣರಂಗಕ್ಕೆ ಬಂದಿತ್ತು. ಅನಿಲ ತಗುಲಿದವನ ಬಟ್ಟೆ ಕತ್ತರಿಸಿ ತೆಗೆಯಬೇಕು, ಮೈಯನ್ನು ಸಾಬೂನಿನಿಂದ ತೊಳೆಯಬೇಕು, ಊದಿ ಮುಚ್ಚಿಹೋದ ಕಣ್ಣಿಗೆ ಸೋಡಾ ನೀರು ಬಿಡಬೇಕು. ಆ ಬಟ್ಟೆಯ ವಿಷ ಮುಟ್ಟಿದವರ ಕೈಯನ್ನೂ ಸುಡುತ್ತಿತ್ತು. ಕೊಳೆಯುವ ಗಾಯಕ್ಕೆ ರಬ್ಬರ್ ಕೊಳವೆ ಇಟ್ಟು ಎರಡೆರಡು ಗಂಟೆಗೊಮ್ಮೆ ಕ್ಲೋರಿನ್ ದ್ರಾವಣ ಹಾಯಿಸುವುದು ಆ ಕಾಲದ ಕ್ರಮ. ಪೆನಿಸಿಲಿನ್ ಇನ್ನೂ ಹುಟ್ಟಿರಲಿಲ್ಲ. ಶಸ್ತ್ರವೈದ್ಯ ಕೊಯ್ದು ಮುಂದಿನ ಮೇಜಿಗೆ ಹೋದ ಮೇಲೆ ಔಷಧಿಯೆಂದರೆ ನರ್ಸೇ.

ಹೆಲೆನ್ ಮನೆಗೆ ಪತ್ರ ಬರೆದರು. ಕೆಲವೇ ದಿನಕ್ಕೆಂದು ಬಂದವರು, ಮೂರು ವಾರವಾದರೂ ವಾಪಸು ಹೋಗುವ ಸುಳಿವಿಲ್ಲ. ತಮ್ಮ ಆಸ್ಪತ್ರೆ 100 ಮೈಲಿ ಹಿಂದಿದೆ. ಊರಿಗೆ ಬಂದಾಗ ಹೇಳುವುದು ಬೇಕಾದಷ್ಟಿದೆ ಎಂದು. ಆಗಸ್ಟ್‌ನಲ್ಲಿ ಆ ಕೇಂದ್ರದ ಮೇಲೆ ಬಾಂಬು ಬಿದ್ದು ಅವರು ಲ ಟ್ರೆಪೋರ್‌ಗೆ ಮರಳಿದರು. ಕ್ರಿಸ್‌ಮಸ್ ವೇಳೆಗೆ ಉಂಡದ್ದು ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಜಠರದ ಹುಣ್ಣಿಗೆ ಜನವರಿ 13ರಂದು ಶಸ್ತ್ರಚಿಕಿತ್ಸೆಯಾಯಿತು. ಮೂರನೆಯ ದಿನ ಮೈ ಹಳದಿಯಾಯಿತು. 1918ರ ಜನವರಿ 18ರಂದು ತೀರಿಕೊಂಡರು. ಆ ಪತ್ರಗಳನ್ನು ಬಹಳ ವರ್ಷಗಳ ನಂತರ ಜೋಡಿಸಿ ಪುಸ್ತಕವಾಗಿಸಿದವರು ಅವರ ಸೋದರ ಸೊಸೆ. ಅತ್ತೆಯ ಮುಖವನ್ನು ಆಕೆ ಕಂಡದ್ದೇ ಇಲ್ಲ.

ಆ ಕಾಲದಲ್ಲಿ ಶಾಲಾ ಶಿಕ್ಷಕಿಯರಿಗೂ ಮದುವೆಯಾಗಬಾರದೆಂಬ ಇಂಥ ಕಟ್ಟಳೆ ಇತ್ತಲ್ಲ, ಸೈನ್ಯವನ್ನೇ ಏಕೆ ದೂರಬೇಕು ಎನ್ನಬಹುದು. ನಿಜ, ಇತ್ತು. ಆದರೆ ಶಿಕ್ಷಕಿಯನ್ನು ನೆನೆಯಲು ಅದೇ ಊರಲ್ಲಿ ನೂರಾರು ಶಿಷ್ಯರಿದ್ದರು. ಕ್ಲಿಯರಿಂಗ್ ಸ್ಟೇಷನ್ನಿನ ಗಾಯಾಳುವಾದರೋ ಒಂದೆರಡು ದಿನದಲ್ಲಿ ರೈಲು ಹತ್ತಿ ಹೋಗುತ್ತಿದ್ದ; ತನ್ನ ಕಣ್ಣು ತೊಳೆದವಳ ಹೆಸರು ಅವನಿಗೂ ತಿಳಿಯದು. ಮದುವೆಯಾಗದೆ ಸತ್ತ ಸಿಪಾಯಿಗಳು ಸಾವಿರಾರು ಎಂಬುದು ಇನ್ನೊಂದು ಮಾತು. ಅವರಿಗೆ ರೆಜಿಮೆಂಟ್ ಇದೆ, ಅದರ ಧ್ವಜ, ಅದರ ದಾಖಲೆ ಇದೆ. ಬೇಸ್ ಹಾಸ್ಪಿಟಲ್ ಯುದ್ಧ ಮುಗಿದೊಡನೆ ಗಂಟುಮೂಟೆ ಕಟ್ಟಿತು. ಫಿಲಡೆಲ್ಫಿಯಾದ ಮಾಜಿ ನರ್ಸುಗಳು ತಮ್ಮ ಸಂಘದ ಶಾಖೆಗೆ ಹೆಲೆನ್ ಹೆಸರಿಟ್ಟರು. ಅದೂ ಸರ್ಕಾರದ ಕೆಲಸವಲ್ಲ, ಓರಗೆಯವರ ಕೆಲಸ. ಮನೆಯವರ ನೆನಪಿಗೆ ಉತ್ಪ್ರೇಕ್ಷೆಯ ಚಾಳಿ ಇದೆ ಎಂಬ ಆಕ್ಷೇಪವನ್ನು ಮಾತ್ರ ಹಗುರವಾಗಿ ತಳ್ಳಲಾಗದು. ಹೆಲೆನ್ ಸಾವಿಗೆ ಸಾಸಿವೆ ಅನಿಲ ಕಾರಣವೆಂಬ ಮಾತು ಹಬ್ಬಿದೆ. ಮರಣೋತ್ತರ ಪರೀಕ್ಷೆ ಕಂಡದ್ದು ಯಕೃತ್ತಿನ ನಾಶವನ್ನು. ಬೆರಳು ತೋರುವುದು ಶಸ್ತ್ರಚಿಕಿತ್ಸೆಗೆ ಕೊಟ್ಟ ಕ್ಲೋರೊಫಾರ್ಮಿನ ಕಡೆ. ಹೊಟ್ಟೆಯ ತೊಂದರೆ ಮೊದಲೇ ಇತ್ತು. ಅನಿಲ ಅದನ್ನು ಹೆಚ್ಚಿಸಿರಬಹುದು, ಅಷ್ಟೇ ಹೇಳಬಹುದು. ಆದರೂ ಆ ಸೊಸೆ ಕೆದಕದಿದ್ದರೆ ಈ ಚರ್ಚೆಗೆ ಕಾಗದವಾದರೂ ಎಲ್ಲಿರುತ್ತಿತ್ತು?

ಇದು ಹೊರದೇಶದ ಹಳೆಯ ಕಥೆ ಎಂದು ನಾವು ಪಾರಾಗುವಂತಿಲ್ಲ. 1888ರ ಮಾರ್ಚ್ 28ರಂದು 10 ಮಂದಿ ಬ್ರಿಟಿಷ್ ನರ್ಸುಗಳು ಮುಂಬೈಯಲ್ಲಿ ಇಳಿದಲ್ಲಿಂದ ನಮ್ಮ ಮಿಲಿಟರಿ ನರ್ಸಿಂಗ್ ಸರ್ವಿಸ್‌ನ ಕಥೆ ಶುರುವಾಗುತ್ತದೆ. 1926ರ ಅಕ್ಟೋಬರ್ 1ರಂದು ಅದು ಭಾರತೀಯ ಸೈನ್ಯದ ಕಾಯಂ ಅಂಗವಾಯಿತು, 1943ರ ಸುಗ್ರೀವಾಜ್ಞೆ ಅದಕ್ಕೆ ಕಾನೂನಿನ ನೆಲೆ ಕೊಟ್ಟಿತು. ಭಾರತೀಯ ಸೈನ್ಯದಲ್ಲಿ ಮೇಜರ್ ಜನರಲ್ ಆದ ಮೊದಲ ಮಹಿಳೆ, 1976ರಲ್ಲಿ, ಇದೇ ಸೇವೆಯ ಗರ್ಟ್ರೂಡ್ ಅಲೀಸ್ ರಾಮ್. ಬೆಂಗಳೂರಿನ ಏರ್‌ಫೋರ್ಸ್ ಕಮಾಂಡ್ ಆಸ್ಪತ್ರೆಯ ನರ್ಸಿಂಗ್ ಕಾಲೇಜು ಇಂದಿಗೂ ಈ ಸೇವೆಗೆ ಹುಡುಗಿಯರನ್ನು ತಯಾರುಮಾಡುತ್ತದೆ. ಈ ಹೆಮ್ಮೆಯ ಪಕ್ಕದಲ್ಲೇ 1977ರ ಸೈನ್ಯದ ಆದೇಶವೊಂದನ್ನೂ ಇಟ್ಟು ನೋಡಬೇಕು: ಮದುವೆಯಾದ ನರ್ಸನ್ನು ಸೇವೆಯಿಂದ ಬಿಡಿಸಬಹುದು. ಅದರಂತೆ 1988ರಲ್ಲಿ ಒಬ್ಬ ಲೆಫ್ಟಿನೆಂಟ್ ಕೆಲಸ ಕಳೆದುಕೊಂಡರು. ಆದೇಶ ರದ್ದಾದದ್ದು 1995ರಲ್ಲಿ. ಅವರನ್ನು ತೆಗೆದದ್ದು ಲಿಂಗ ತಾರತಮ್ಯವೆಂದು ಸುಪ್ರೀಂ ಕೋರ್ಟ್ ಹೇಳಿ 60 ಲಕ್ಷ ರೂಪಾಯಿ ಪರಿಹಾರ ಕೊಡಿಸಿದ್ದು 2024ರ ಫೆಬ್ರುವರಿಯಲ್ಲಿ. ಯುದ್ಧಕಾಲದಲ್ಲಿ ಬಸುರಿ ಬಾಣಂತಿಯರನ್ನು ರಣರಂಗಕ್ಕೆ ಕಳಿಸಲಾದೀತೇ ಎಂಬುದು ನಿಯಮದ ಪರ ವಾದ. ಅದಕ್ಕೆ ರಜೆ ಸಾಕು, ವಜಾ ಏಕೆ? ಹೆಂಡತಿ ಮಕ್ಕಳಿರುವ ಡಾಕ್ಟರನ್ನು ಅದೇ ಡೇರೆಗೆ ಕಳಿಸುವಾಗ ಯಾವ ಸೈನ್ಯಕ್ಕೂ ಇಂಥ ಯೋಚನೆ ಬರಲಿಲ್ಲ.

ಹೆಲೆನ್ ಅವರನ್ನು ಮೊದಲು ಲ ಟ್ರೆಪೋರ್‌ನಲ್ಲೇ ಮಣ್ಣುಮಾಡಿ, ಮುಂದೆ ಬೋನಿ ಊರಿನ ಅಮೆರಿಕನ್ ಸ್ಮಶಾನಕ್ಕೆ ಸಾಗಿಸಿದರು. ಅಲ್ಲಿ ಸಾಲಾಗಿ 1,844 ಗೋರಿಗಳಿವೆ. ಅಮೆರಿಕದ ಸೈನ್ಯ ತನ್ನ ನರ್ಸುಗಳಿಗೆ ಹೆಸರಿಗಾದರೂ ದರ್ಜೆ ಕೊಟ್ಟದ್ದು ಆಕೆ ಸತ್ತ ಎರಡು ವರ್ಷದ ಮೇಲೆ, 1920ರಲ್ಲಿ. ಊರಿಗೆ ಬಂದು ಹೇಳುತ್ತೇನೆಂದ ಮಾತುಗಳಲ್ಲಿ ಆ ಪತ್ರಗಳಿಗೆ ಹಿಡಿಸಿದಷ್ಟು ಮಾತ್ರ ಊರು ತಲುಪಿದವು.